ಮಿಷನರಿಯಾಗಿ ವಿದೇಶದಲ್ಲಿದ್ದಾಗ ಸಿಕ್ಕ, ಮರೆಯಲಾಗದ ಜನ ಯಾರು?

ಈ ಪ್ರಶ್ನೆಗೆ ಬಿಳಿ ಗಡ್ಡದ ಪಾದ್ರಿ ಯಾರಾದರೂ ಉತ್ತರ ಕೊಡ್ತಾರೆ ಅಂದುಕೊಂಡಿದ್ದರೆ ಕ್ಷಮಿಸಿ. ನಾನು ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ರಕ್ತ, ಕಫ, ಮೂತ್ರ ನೋಡುವವನು. ಆದರೂ 2009ರಿಂದ 2012ರವರೆಗೆ ನನ್ನ ಕಾಗದಪತ್ರಗಳಲ್ಲೆಲ್ಲ 'ಮಿಷನರಿ' ಅಂತಲೇ ಬರೆದಿತ್ತು. ಘಾನಾ ದೇಶದ ಅಶಾಂಟಿ ಅನ್ನೋ ಪ್ರದೇಶದಲ್ಲಿ, ಚರ್ಚ್ ನಡೆಸುವ ಒಂದು ಆಸ್ಪತ್ರೆಯಲ್ಲಿ ನನ್ನ ಕೆಲಸ.

ಉಡುಪಿ ಕಡೆಯವನು ಘಾನಾಕ್ಕೆ ಯಾಕೆ ಹೋದ ಅಂತ ಎಲ್ಲರೂ ಕೇಳ್ತಾರೆ. ನಾವು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನಿಂದ ಬಂದ ಪ್ರೊಟೆಸ್ಟೆಂಟರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಘಾನಾಕ್ಕೆ, ಅಂದರೆ ಆಗಿನ ಗೋಲ್ಡ್ ಕೋಸ್ಟ್‌ಗೆ, 1828ರಲ್ಲೇ ಹೋಗಿತ್ತು. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗೂ ನಮಗೂ ಅಜ್ಜಿಮನೆ ಒಂದೇ. ಆ ನಂಟಿನಿಂದ ಈಗಲೂ ಜನ ಅಲ್ಲಿಂದಿಲ್ಲಿಗೆ ಓಡಾಡ್ತಾರೆ. ಹಾಗೆ ನಾನೂ ಹೋದೆ. ಯೆಲ್ಲೋ ಫೀವರ್ ಇಂಜೆಕ್ಷನ್ ಹಾಕಿಸಿಕೊಂಡು, ಎರಡು ಕಿಲೋ ಕುಚ್ಚಲಕ್ಕಿ ಕಟ್ಟಿಕೊಂಡು.

ಮರೆಯಲಾಗದ ಜನ ಅಂದಾಗ ನನ್ನನ್ನು ಹೊಗಳಿದವರು, ಕೈಮುಗಿದವರು ಯಾರೂ ನೆನಪಿಗೆ ಬರೋದಿಲ್ಲ. ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದವರ ಮುಖವೂ ಮರೆತುಹೋಗಿದೆ. ನೆನಪಿರುವವರೆಲ್ಲ ನನ್ನನ್ನು ತಿದ್ದಿದವರು. ಕೆಲವರು ನಗುತ್ತಾ, ಕೆಲವರು ಬೈದು, ಒಬ್ಬರು ಬಾಯಿಯನ್ನೇ ಬಿಡದೆ.

ಮೊದಲನೆಯವರು ಆಸ್ಪತ್ರೆ ಗೇಟಿನ ಎದುರು ಚಾಪ್ ಬಾರ್ ಇಟ್ಟಿದ್ದ ಆಂಟಿ ಅಕೋಸುವಾ. ಚಾಪ್ ಬಾರ್ ಅಂದರೆ ನಮ್ಮ ಊಟದ ಖಾನಾವಳಿ. ತಗಡಿನ ಮಾಡು, ಎರಡು ಬೆಂಚು, ಹೊಗೆ. ನಾನು ಹೋದ ಎರಡನೇ ದಿನವೇ ಕೇಳಿದರು, "ನೀನು ಹುಟ್ಟಿದ ವಾರ ಯಾವುದು?"

ತಾರೀಖು ಹೇಳಿದೆ. ಅದು ಬೇಡ, ವಾರ ಹೇಳು ಅಂದರು. ನನಗೆ ಗೊತ್ತಿರಲಿಲ್ಲ. ಅವರು ಕೈಲಿದ್ದ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು. ಅಲ್ಲಿ ಅಕಾನ್ ಜನರಿಗೆ ಹುಟ್ಟಿದ ವಾರವೇ ಮೊದಲ ಹೆಸರು. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ಹೆಣ್ಣಾದರೆ ಅಫುವಾ, ಅಮಾ. ಭಾನುವಾರದವಳು ಅಕೋಸುವಾ. ವಾರ ಗೊತ್ತಿಲ್ಲದವನು ಅಂದರೆ ಹೆಸರೇ ಇಲ್ಲದವನು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಯೋಚಿಸಲೂ ಇಲ್ಲ. "ಗುಡ್ ಫ್ರೈಡೇ ಹಿಂದಿನ ದಿನ. ಕರ್ತನ ಭೋಜನದ ಆರಾಧನೆಗೆ ಸೀರೆ ಉಟ್ಟು ತಯಾರಾಗಿದ್ದೆ. ಚರ್ಚಿಗೆ ಹೋಗಲಿಕ್ಕೆ ಬಿಡದೆ ನೀನು ಬಂದೆ." ಹಾಗಾದರೆ ಗುರುವಾರ. ಗುರುವಾರದ ಗಂಡಿಗೆ ಹೆಸರು 'ಯಾವ್'. ಕನ್ನಡದವನಿಗೆ ಇದಕ್ಕಿಂತ ಫಜೀತಿ ಬೇಡ. ಊರಿನ ಗೆಳೆಯ ಫೋನಿನಲ್ಲಿ "ಅಲ್ಲಿ ನಿನಗೇನೋ ಹೆಸರಿಟ್ಟಿದ್ದಾರಂತೆ, ಏನದು?" ಅಂದರೆ "ಯಾವ್" ಅಂತೀನಿ. "ಅದನ್ನೇ ನಾನು ಕೇಳ್ತಿರೋದು" ಅಂತಾನೆ.

ಆಂಟಿಯ ಅಂಗಡಿಯಲ್ಲಿ ಫುಫು ಕುಟ್ಟೋದು ಬೆಳಿಗ್ಗೆ ಹತ್ತಕ್ಕೆ ಶುರು. ಬೇಯಿಸಿದ ಮರಗೆಣಸು, ಬಾಳೆಕಾಯಿ. ಒಬ್ಬ ಹುಡುಗ ನಿಂತುಕೊಂಡು ಆಳೆತ್ತರದ ಒನಕೆಯಿಂದ ಕುಟ್ಟುತ್ತಾನೆ. ಆಂಟಿ ಪಕ್ಕದಲ್ಲಿ ಕೂತು, ಎರಡು ಪೆಟ್ಟಿನ ನಡುವೆ ಕೈ ಹಾಕಿ ಮುದ್ದೆ ತಿರುವುತ್ತಾರೆ. ಒಂದು ಕ್ಷಣ ತಪ್ಪಿದರೆ ಬೆರಳು ಹೋಯಿತು. ಅವರು ಅದನ್ನು ಮಾಡುತ್ತಲೇ ಗಿರಾಕಿಯ ಸಾಲದ ಲೆಕ್ಕ ಹೇಳುತ್ತಿದ್ದರು. ಅದನ್ನು ಕಡಲೆಕಾಯಿ ಸಾರಿನಲ್ಲೋ ತೆಳ್ಳನೆ ಟೊಮೆಟೊ ಸಾರಿನಲ್ಲೋ ಮುಳುಗಿಸಿ, ಬಲಗೈಯಲ್ಲಿ ಮುರಿದು ನುಂಗಬೇಕು. ಅಗಿಯೋ ಹಾಗಿಲ್ಲ.

ಘಾನಾಕ್ಕೆ ಮೊದಲು ಕೋಲಾರದ ಕಡೆ ಆರು ವರ್ಷ ಕೆಲಸ ಮಾಡಿದ್ದೆ. ಕರಾವಳಿಯವನಾದರೂ ಮುದ್ದೆ ನುಂಗೋದು ಅಲ್ಲಿ ಕಲಿತಿದ್ದೆ. ಹಾಗಾಗಿ ಮೊದಲ ತುತ್ತನ್ನೇ ಸರಿಯಾಗಿ ನುಂಗಿದೆ. ಬೆಂಚಿನ ಮೇಲಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಅದಕ್ಕೇ ತಲೆ ತಿರುಗಿತು ಅನ್ನಿ. ಮುಂದಿನ ವಾರ ಆಂಟಿಗೆ ನಮ್ಮೂರಿನ ಅಡುಗೆ ಮಾಡಿ ತೋರಿಸ್ತೀನಿ ಅಂತ ಹೊರಟೆ.

ಅಲ್ಲಿ ಕೊಂಟೊಮಿರೆ ಅಂತ ಸೊಪ್ಪು ಸಿಗ್ತದೆ. ನಮ್ಮ ಕೆಸುವಿನ ಎಲೆಯ ಅಣ್ಣತಮ್ಮ. ಅದನ್ನು ಕಂಡಾಗಿನಿಂದ ನನಗೆ ಪತ್ರೊಡೆಯದ್ದೇ ಧ್ಯಾನ. ತಂದ ಕುಚ್ಚಲಕ್ಕಿಯಲ್ಲಿ ಉಳಿದದ್ದನ್ನು ನೆನೆಹಾಕಿದೆ. ಮೆಣಸು, ಕೊತ್ತಂಬರಿ ಹಾಕಿ ರುಬ್ಬಿದೆ. ಹುಣಸೆಹುಳಿ ಸಿಗಲಿಲ್ಲ, ನಿಂಬೆ ಹಿಂಡಿದೆ. ಎಲೆಗೆ ಹಚ್ಚಿ, ಸುತ್ತಿ, ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಹೆಮ್ಮೆಯಿಂದ ಚಾಪ್ ಬಾರಿಗೆ ಒಯ್ದೆ. ಐದೇ ನಿಮಿಷ. ಆಂಟಿ, ಫುಫು ಕುಟ್ಟುವ ಹುಡುಗ, ಇಬ್ಬರು ನರ್ಸುಗಳು, ನಾನು, ಎಲ್ಲರೂ ಗಂಟಲು ಹಿಡಿದುಕೊಂಡು ಕೂತಿದ್ದೆವು. ಆ ತುರಿಕೆ ಗೊತ್ತಿದ್ದವರಿಗೇ ಗೊತ್ತು!

ಆಂಟಿ ನೀರು ಕುಡಿದು ಗಂಟಲು ಸರಿಮಾಡಿಕೊಂಡು ಹೇಳಿದರು, "ಈ ಎಲೆಯನ್ನು ನಾವು ಎಷ್ಟು ಹೊತ್ತು ಬೇಯಿಸ್ತೀವಿ ಅಂತ ಒಂದು ಮಾತು ಕೇಳಿದೆಯಾ? ನಿಮ್ಮೂರಿನ ಎಲೆ ಅಂದುಕೊಂಡೆಯಾ ಇದನ್ನು?" ಆಮೇಲೆ ಒಂದು ತಿಂಗಳು, ಹೊಸ ಗಿರಾಕಿ ಬಂದಾಗಲೆಲ್ಲ ನನ್ನನ್ನು ತೋರಿಸಿ ಆ ಕತೆ ಹೇಳ್ತಿದ್ದರು.

ಲ್ಯಾಬಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಅವರೂ ಗುರುವಾರದವರೇ. ಹಾಗಾಗಿ ಅವರು ದೊಡ್ಡ ಯಾವ್, ನಾನು ಚಿಕ್ಕ ಯಾವ್. ಐವತ್ತೆಂಟು ವಯಸ್ಸು, ಒಂದು ಮೊಣಕಾಲು ಸರಿಯಿಲ್ಲ. ಡಿಗ್ರಿ ಗಿಗ್ರಿ ಏನೂ ಇಲ್ಲ. ಮೂವತ್ತು ವರ್ಷ ಮೈಕ್ರೋಸ್ಕೋಪ್ ನೋಡಿದ ಕಣ್ಣು, ಅಷ್ಟೆ. ನಾನು ಅವರಿಗೆ 'ತರಬೇತಿ' ಕೊಡಬೇಕು ಅಂತ ನನ್ನ ನೇಮಕದ ಪತ್ರದಲ್ಲಿ ಬರೆದಿತ್ತು.

ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಮಲೇರಿಯಾ ನೋಡಲು ಗಾಜಿನ ಮೇಲೆ ಒಂದು ಹನಿ ರಕ್ತವನ್ನು ದಪ್ಪಗೆ ಸವರಿ, ಒಣಗಿಸಿ, ಗೀಮ್ಸಾ ಬಣ್ಣ ಹಾಕ್ತೀವಿ. ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ನೂರು ಪಟ್ಟಿನ ಲೆನ್ಸ್ ಇಳಿಸಿ ನೋಡಬೇಕು. ಲೆನ್ಸಿನಲ್ಲಿ ಒಂದು ಸಲಕ್ಕೆ ಕಾಣುವ ದುಂಡನೆ ಜಾಗಕ್ಕೆ ಫೀಲ್ಡ್ ಅಂತೀವಿ. ಅಂಥ 100 ಫೀಲ್ಡ್ ನೋಡದೆ 'ನೆಗೆಟಿವ್' ಬರೆಯುವ ಹಾಗಿಲ್ಲ. ನಮ್ಮ ಮಂಗಳೂರು ಕಡೆ ಜಾಸ್ತಿ ಇರೋದು ವೈವಾಕ್ಸ್ ಅನ್ನೋ ಮಲೇರಿಯಾ ರೋಗಾಣು. ಅದು ಹೊಕ್ಕ ರಕ್ತಕಣ ಊದಿಕೊಂಡಿರುತ್ತದೆ, ಬೇಗ ಕಣ್ಣಿಗೆ ಬೀಳುತ್ತದೆ. ಘಾನಾದ್ದು ಹೆಚ್ಚಾಗಿ ಫಾಲ್ಸಿಪಾರಮ್. ಕೂದಲೆಳೆಯಂಥ ನೀಲಿ ಉಂಗುರ, ಅದಕ್ಕೊಂದು ಕೆಂಪು ಚುಕ್ಕೆ. ಮಕ್ಕಳನ್ನು ಎರಡೇ ದಿನದಲ್ಲಿ ಮಲಗಿಸಿಬಿಡುವಂಥದ್ದು.

ಜೂನ್ ತಿಂಗಳು, ಮಳೆಗಾಲ. ಬೆಳಿಗ್ಗೆಯೇ ತೊಂಬತ್ತು ಸ್ಲೈಡ್ ಬಿದ್ದಿದ್ದವು. ಕರೆಂಟ್ ಬೇರೆ ಹೋಯಿತು. ದೊಡ್ಡ ಯಾವ್ ಸುಮ್ನೆ ಎದ್ದು, ಕಪಾಟಿನಿಂದ ಹಳೆಯ ಒಂಟಿಕಣ್ಣಿನ ಮೈಕ್ರೋಸ್ಕೋಪ್ ತೆಗೆದರು. ಬಲ್ಬಿನ ಬದಲು ಕೆಳಗೆ ಕನ್ನಡಿ ಇರುವಂಥದ್ದು. ಕಿಟಕಿ ಹತ್ತಿರ ಇಟ್ಟು ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿ ಕೆಲಸ ಮುಂದುವರಿಸಿದರು. ನಾನು ಜನರೇಟರ್ ಹಾಕಿಸಿ ಅಂತ ಗಲಾಟೆ ಮಾಡಿ, ಅದು ಬಂದ ಮೇಲೆ ಹಿಂದೆ ಬಿದ್ದ ಸ್ಲೈಡುಗಳನ್ನು ಗಡಿಬಿಡಿಯಲ್ಲಿ ಮುಗಿಸಿದೆ.

ಅವರಿಗೊಂದು ಅಭ್ಯಾಸ. ಊಟದ ಹೊತ್ತಿನಲ್ಲಿ, ನೆಗೆಟಿವ್ ಅಂದ ಸ್ಲೈಡುಗಳಲ್ಲಿ ಹತ್ತಕ್ಕೊಂದನ್ನು ಎತ್ತಿಕೊಂಡು ಮತ್ತೆ ನೋಡೋದು. ಯಾರದ್ದು ಅಂತ ನೋಡ್ತಿರಲಿಲ್ಲ, ತಮ್ಮದನ್ನೂ ಬಿಡ್ತಿರಲಿಲ್ಲ. ಎಡಗೈಯಲ್ಲಿ ಬಸ್ ಕಂಡಕ್ಟರರ ಟಿಕೆಟ್ ಮೆಷಿನ್ನಿನಂತೆ ಸದ್ದು ಮಾಡುವ ಎಣಿಕೆ ಡಬ್ಬಿ. ಒಂದು ಫೀಲ್ಡ್, ಒಂದು ಟಕ್. ಆ ದಿನ ಟಕ್ ಟಕ್ ಅನ್ನುತ್ತಿದ್ದದ್ದು ನಿಂತುಹೋಯಿತು. ಎದ್ದರು. ರಿಜಿಸ್ಟರ್ ನೋಡಿದರು. ಕನ್ನಡಕ ಮೇಜಿನ ಮೇಲೆ ಬಿಟ್ಟು, ಕೋಟು ಕೂಡ ಬಿಚ್ಚದೆ ಹೊರಗೆ ನಡೆದರು. ಏನೋ ಆಗಿದೆ ಅಂತ ನಾನೂ ಹಿಂದೆ ಓಡಿದೆ.

ಅವರು ಹೋದದ್ದು ಟ್ರೊಟ್ರೊ ಸ್ಟ್ಯಾಂಡಿಗೆ. ಟ್ರೊಟ್ರೊ ಅಂದರೆ ನಮ್ಮ ಟೆಂಪೋ, ಮ್ಯಾಕ್ಸಿಕ್ಯಾಬ್ ಥರದ ವ್ಯಾನು. ಎಲ್ಲ ಸೀಟು ತುಂಬುವವರೆಗೆ ಹೊರಡೋದಿಲ್ಲ. ಹಿಂದಿನ ಗಾಜಿನ ಮೇಲೆ ದೊಡ್ಡದಾಗಿ ಏನಾದರೂ ದೇವರ ಮಾತು ಬರೆದಿರುತ್ತದೆ. ಆ ವ್ಯಾನಿನ ಮೇಲೆ 'ದೇವರ ಸಮಯವೇ ಒಳ್ಳೆಯ ಸಮಯ' ಅಂತಿತ್ತು. ಒಳಗೆ ಮೂರು ಸೀಟು ಖಾಲಿ. ಕೊನೆಯ ಸಾಲಿನಲ್ಲಿ ಬೆಳಿಗ್ಗೆ ಬಂದ ತಾಯಿ, ಮಡಿಲಲ್ಲಿ ಬಿಸಿ ಏರಿದ ನಾಲ್ಕು ವರ್ಷದ ಹುಡುಗ. ಅವನ ಸ್ಲೈಡಿಗೆ ನೆಗೆಟಿವ್ ಬರೆದವನು ನಾನು.

ದೊಡ್ಡ ಯಾವ್ ಆ ತಾಯಿಗೆ ಹೇಳಿದ್ದು ಒಂದೇ ಮಾತು. "ಅಮ್ಮಾ, ನಾವು ತಪ್ಪು ಓದಿದ್ದೇವೆ. ಇಳಿದು ಬನ್ನಿ." ನಾವು ಅಂದರು. ಆ ಬಹುವಚನ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ವಾಪಸ್ ಬರುವಾಗ ನನಗೆ ಏನೂ ಅನ್ನಲಿಲ್ಲ. ದಾರಿಯಲ್ಲಿ ನೀರಿನ ಪ್ಯಾಕೆಟ್ ಕೊಂಡು, ಮೂಲೆ ಕಚ್ಚಿ, ಅರ್ಧ ಕುಡಿದು ನನಗೆ ಕೊಟ್ಟರು. ಲ್ಯಾಬಿಗೆ ಬಂದ ಮೇಲೆ ಸ್ಲೈಡ್ ಇಟ್ಟು ಕೂರಿಸಿದರು. "ನೀನು ಎಷ್ಟಕ್ಕೆ ನಿಲ್ಲಿಸಿದೆ?"

ಮೂವತ್ತಕ್ಕೇ ನಿಲ್ಲಿಸಿದ್ದೆ. ಐವತ್ತು ಅಂದೆ.

"ನನಗೆ ಸಿಕ್ಕಿದ್ದು ಅರವತ್ತೆರಡರಲ್ಲಿ" ಅಂದು ಎಣಿಕೆ ಡಬ್ಬಿಯನ್ನು ಸೊನ್ನೆಗೆ ತಿರುಗಿಸಿ ನನ್ನ ಕೈಗಿಟ್ಟರು. ಆ ಮಧ್ಯಾಹ್ನ ಊಟಕ್ಕೂ ಏಳದೆ ಪೂರ್ತಿ ನೂರು ಎಣಿಸಿದೆ. ಹುಡುಗ ಚಿಕಿತ್ಸೆ ಪಡೆದು ನಾಲ್ಕನೇ ದಿನ ಮನೆಗೆ ಹೋದ. ತರಬೇತಿಯ ವಿಷಯವನ್ನು ಆಮೇಲೆ ನಾನು ಎತ್ತಲೇ ಇಲ್ಲ.

ಆ ಹುಡುಗನಿದ್ದ ವಾರ್ಡಿಗೆ ಆಗಾಗ ಬರುತ್ತಿದ್ದ ಹನ್ನೊಂದು ವರ್ಷದ ಅಮಾ ಇನ್ನೊಬ್ಬಳು. ಅವಳಿಗೆ ಸಿಕಲ್ ಸೆಲ್. ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆಯೆಲ್ಲ ನೋಯುವ ಕಾಯಿಲೆ. ಘಾನಾದಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಗುಣ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಕಾಯಿಲೆ ಇಲ್ಲ, ಮೇಲಾಗಿ ಮಲೇರಿಯಾ ಅಷ್ಟು ಜೋರಾಗಿ ಕಾಡೋದಿಲ್ಲ. ಪ್ರಕೃತಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳೋದು ಅಂದರೆ ಇದೇ ನೋಡಿ.

ಅವಳ ಬೆರಳು ಚುಚ್ಚುವಾಗ ಸಮಾಧಾನಕ್ಕೆ ಅಲ್ಲಿನವರ ಟ್ವಿ ಭಾಷೆಯನ್ನು ಮುರುಕು ಮುರುಕಾಗಿ ಬಳಸ್ತಿದ್ದೆ. ಟ್ವಿಯಲ್ಲಿ ಸ್ವರ ಏರಿಳಿದರೆ ಅರ್ಥವೇ ಬೇರೆ. 'ಪಪ' ಅನ್ನೋದನ್ನು ಎರಡೂ ಕಡೆ ಏರಿಸಿ ಹೇಳಿದರೆ ಒಳ್ಳೆಯದು. ಮೊದಲು ಇಳಿಸಿ ಆಮೇಲೆ ಏರಿಸಿದರೆ ಅಪ್ಪ. ಎರಡನ್ನೂ ಇಳಿಸಿದರೆ ಬೀಸಣಿಗೆ. ನಾನು 'ಒಳ್ಳೆ ಹುಡುಗಿ' ಅನ್ನಲು ಹೋಗಿ ಬೀಸಣಿಗೆ ಅಂದೆನಂತೆ. ನೋವಿನಲ್ಲಿ ಮುದುಡಿ ಮಲಗಿದ್ದವಳು ಕಣ್ಣು ತೆರೆದು, ಮೇಲೆ ತಿರುಗುತ್ತಿದ್ದ ಫ್ಯಾನ್ ತೋರಿಸಿದಳು. ಆಮೇಲೆ ಮೂರೂ ಪಪಗಳನ್ನು ಸರಿಯಾಗಿ ಹೇಳಿದರೆ ಮಾತ್ರ ಬೆರಳು ಕೊಡ್ತಿದ್ದಳು. ಇಲ್ಲದಿದ್ದರೆ ಕೈ ಹೊದಿಕೆಯೊಳಗೆ.

ಒಮ್ಮೆ ಅವಳ ಅಜ್ಜಿಗೆ ನಾನು ದೊಡ್ಡ ಮೇಧಾವಿಯಂತೆ, ಈ ಕಾಯಿಲೆ 1910ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು ಅಂತ ವಿವರಿಸುತ್ತಿದ್ದೆ. ದೊಡ್ಡ ಯಾವ್ ಅದನ್ನು ಟ್ವಿಗೆ ತಿರುಗಿಸಿ ಹೇಳಿದರು. ಅಜ್ಜಿ ತಲೆಯಾಡಿಸಿ "ಅಹೊತುತುವೊ" ಅಂದರು. ಅದು ಅವರ ಭಾಷೆಯಲ್ಲಿ ಈ ಕಾಯಿಲೆಗೆ ಹಿಂದಿನಿಂದಲೂ ಇರುವ ಹೆಸರು. ಘಾನಾದವರೇ ಆದ ಡಾಕ್ಟರ್ ಕೊನೊಟೆ-ಅಹುಲು ತಮ್ಮ ಸ್ವಂತ ಮನೆತನದಲ್ಲಿ ಈ ಕಾಯಿಲೆಯನ್ನು ತಲೆಮಾರು ತಲೆಮಾರಾಗಿ 1670ರವರೆಗೆ ಗುರುತಿಸಿದ್ದಾರೆ. ಅದನ್ನು ನನಗೆ ಆಮೇಲೆ, ಯಾರೂ ಇಲ್ಲದಾಗ ಹೇಳಿದವರು ದೊಡ್ಡ ಯಾವ್.

ಜತೆಗಿದ್ದ ಬೇರೆ ದೇಶದ ಮಿಷನರಿಗಳ ಬಗ್ಗೆ ಹೆಚ್ಚು ಹೇಳಲಿಕ್ಕೆ ಇಲ್ಲ. ಒಳ್ಳೆಯವರೇ. ಸಂಜೆ ಒಟ್ಟಿಗೆ ಕೂತು ಇಂಟರ್ನೆಟ್ ಬೈಯುತ್ತಿದ್ದೆವು.

ಅಕ್ರೊಪಾಂಗಿನ ಮೇಷ್ಟ್ರ ವಿಷಯ ಮಾತ್ರ ಹೇಳಲೇಬೇಕು. ಅಕ್ರಾದಿಂದ ಉತ್ತರಕ್ಕೆ ಗುಡ್ಡ ಹತ್ತಿದರೆ ಅಕ್ರೊಪಾಂಗ್. ನಮಗೆ ಬಲ್ಮಠ ಹೇಗೋ ಅವರಿಗೆ ಅದು ಹಾಗೆ, ಬಾಸೆಲ್ ಮಿಶನ್ನಿನ ತವರು. ಶಿಕ್ಷಕರ ತರಬೇತಿ ಶಾಲೆ 1848ರಲ್ಲೇ ಶುರುವಾಗಿತ್ತು. ಚರ್ಚಿನ ಸಭೆಯೊಂದಕ್ಕೆ ಹೋದವನಿಗೆ ಊರು ತೋರಿಸಲು ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಥೇಟ್ ನಮ್ಮ ಹಳೆ ಮಿಶನ್ ಶಾಲೆಯ ಹೆಡ್‌ಮಾಸ್ಟರ್.

ಅವರು ಕ್ರಿಸ್ಟಾಲರ್ ಬಗ್ಗೆ ಹೇಳಿದರು. ಟ್ವಿ ಭಾಷೆಗೆ 1875ರಲ್ಲಿ ವ್ಯಾಕರಣ, 1881ರಲ್ಲಿ ನಿಘಂಟು ಬರೆದವರು. 3,600 ಗಾದೆ ಸಂಗ್ರಹಿಸಿದವರು. ನನಗೆ ರೋಮಾಂಚನ. ನಮಗೆ ಕಿಟೆಲ್ ಇದ್ದಾರೆ ಅಂದೆ. 1894ರ ನಿಘಂಟು, 70,000 ಪದ, ಬೆಂಗಳೂರಿನಲ್ಲಿ ಪ್ರತಿಮೆ, ಎಲ್ಲ ಹೇಳಿದೆ. ಇಬ್ಬರೂ ಬಾಸೆಲ್ಲಿನ ಅದೇ ಸಂಸ್ಥೆಯಲ್ಲಿ ಓದಿದವರು. ಇಬ್ಬರೂ 1853ರಲ್ಲೇ ತಮ್ಮ ತಮ್ಮ ಊರಿಗೆ ಬಂದಿಳಿದವರು, ಒಬ್ಬರು ಆಫ್ರಿಕಾಕ್ಕೆ, ಒಬ್ಬರು ನಮ್ಮಲ್ಲಿಗೆ. ಮೇಷ್ಟ್ರು ಕೊಡೆ ಊರಿಕೊಂಡು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಅವರಿಗೆ ಪದಗಳನ್ನು ಹೇಳಿಕೊಟ್ಟವರು ಯಾರು?"

ನನ್ನ ಬಾಯಲ್ಲಿ ಒಂದು ಹೆಸರೂ ಬರಲಿಲ್ಲ.

ಅವರು ಮಾತ್ರ ಕ್ರಿಸ್ಟಾಲರ್ ಜೊತೆ ದುಡಿದವರನ್ನು ಮನೆಯವರ ಹಾಗೆ ಹೆಸರು ಹಿಡಿದು ಹೇಳಿದರು. ಡೇವಿಡ್ ಅಸಾಂಟೆ, ಇದೇ ಊರಿನ ಹುಡುಗ, 1857ರಲ್ಲಿ ಬಾಸೆಲ್‌ಗೆ ಹೋಗಿ ಐದು ವರ್ಷ ಓದಿ ಬಂದವನು. ಆಮೇಲೆ ಮಿಶನ್ ಸ್ಮಶಾನದ ಕಡೆ ಕರೆದುಕೊಂಡು ಹೋದರು. 1828ರಲ್ಲಿ ಬಂದ ಮೊದಲ ನಾಲ್ವರು ಯುರೋಪಿಯನ್ನರು 1831 ಮುಗಿಯುವಷ್ಟರಲ್ಲಿ ಕರಾವಳಿಯಲ್ಲೇ ಮಣ್ಣು ಸೇರಿದ್ದರು. ಆಮೇಲೆ ಬಂದವರ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕ ಓದುವ ಒಬ್ಬ ಕಪ್ಪು ಮನುಷ್ಯನನ್ನಾದರೂ ತೋರಿಸಿ, ಆಮೇಲೆ ನೋಡೋಣ ಅಂದಿದ್ದನಂತೆ ಇಲ್ಲಿಯ ಅರಸ. ಅದಕ್ಕೇ 1843ರಲ್ಲಿ ಜಮೈಕಾ, ಆಂಟಿಗುವಾದಿಂದ ಆಫ್ರಿಕನ್ ಮೂಲದ 24 ಜನರನ್ನು ಕರೆತಂದರು. ಸಭೆ ನಿಂತದ್ದು ಅವರಿಂದ. ಮಾವಿನ ಗಿಡ, ಕೊಂಟೊಮಿರೆಯ ಗೆಡ್ಡೆ ಎಲ್ಲ ಈ ಗುಡ್ಡಕ್ಕೆ ಬಂದದ್ದು ಅವರ ಜೊತೆಗೇ ಅಂತ ಮೇಷ್ಟ್ರು ಹೇಳಿದರು. ನನಗೆ ಗಂಟಲಲ್ಲಿ ಮತ್ತೆ ತುರಿಸಿದ ಹಾಗಾಯಿತು.

ಹೊರಡುವಾಗ ಒಂದು ಗಾದೆ ಹೇಳಿದರು. ಪರ ಊರಿನವನ ಕಣ್ಣು ದೊಡ್ಡದು, ಆದರೆ ಊರು ಕಾಣೋದಿಲ್ಲ. ಬೈದದ್ದೋ ಸುಮ್ನೆ ಹೇಳಿದ್ದೋ ಗೊತ್ತಾಗಲಿಲ್ಲ. ಮೇಷ್ಟ್ರುಗಳು ಎಲ್ಲ ಕಡೆ ಹೀಗೇ ಅಲ್ವಾ?

2010ರ ಜುಲೈ 2, ಶುಕ್ರವಾರ. ಕ್ರಿಕೆಟ್ ಊರಿನಿಂದ ಬಂದ ನನಗೆ ಫುಟ್‌ಬಾಲ್ ಅರ್ಥವಾದದ್ದು ಆ ರಾತ್ರಿ. ವಿಶ್ವಕಪ್ ಕ್ವಾರ್ಟರ್ ಫೈನಲ್, ಘಾನಾ ಮತ್ತು ಉರುಗ್ವೆ. ಆಂಟಿಯ ಚಾಪ್ ಬಾರಿನ ಟಿವಿ ಮುಂದೆ ಇಡೀ ಆಸ್ಪತ್ರೆ. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಗೋಲಿಗೆ ಹೋಗುತ್ತಿದ್ದ ಚೆಂಡನ್ನು ಉರುಗ್ವೆಯ ಸುವಾರೆಜ್ ಕೈಯಿಂದ ತಡೆದ. ಪೆನಾಲ್ಟಿ. ಘಾನಾದ ಗ್ಯಾನ್ ಒದ್ದದ್ದು ಮೇಲಿನ ಕಂಬಕ್ಕೆ ಬಡಿದು ಹಾರಿತು. ಆಮೇಲೆ ಶೂಟೌಟಿನಲ್ಲಿ 4-2ರಿಂದ ಸೋಲು. ಯಾರೂ ಕೂಗಲಿಲ್ಲ. ಆಂಟಿ ಎದ್ದು ಹೋಗಿ ತಣ್ಣಗಾಗಿದ್ದ ಒಲೆಯ ಬೂದಿ ಕೆದಕುತ್ತಾ ನಿಂತರು. "ಆಟ ತಾನೆ ಆಂಟಿ" ಅಂದೆ. ತಿರುಗಿ ನೋಡಿದರು. "ಮನೆಗೆ ಹೋಗು, ಯಾವ್" ಅಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ಹೋಗು ಅಂದದ್ದು ಅದೊಂದೇ ಸಲ. ಮರುದಿನ ಶನಿವಾರ. ಅಲ್ಲಿ ಶವಸಂಸ್ಕಾರಗಳು ನಡೆಯೋದೇ ಶನಿವಾರ, ಜನ ಕಪ್ಪು, ಕೆಂಪು ಬಟ್ಟೆ ಉಟ್ಟು ಓಡಾಡ್ತಾರೆ. ಆ ದಿನ ಯಾರು ಯಾವ ಸಾವಿಗೆ ಉಟ್ಟಿದ್ದಾರೆ ಅಂತ ಹೇಳೋದು ಕಷ್ಟವಿತ್ತು.

ಅಲ್ಲಿಯವರ ಇಂಗ್ಲಿಷಿನಲ್ಲಿ ಒಂದು ಮಾತಿದೆ. ಎದ್ದು ಹೋಗುವವರು "ಐ ಆಮ್ ಕಮಿಂಗ್" ಅನ್ನುತ್ತಾರೆ. ಬೇರೆ ದೇಶದವರು ತಲೆ ಕೆರೆದುಕೊಳ್ತಿದ್ದರು. ನನಗೆ ಮಾತ್ರ ಮೊದಲ ದಿನವೇ ಅರ್ಥವಾಗಿತ್ತು. 'ಬರ್ತೀನಿ' ಅಂತ ಹೇಳಿ ಹೋಗುವವರ ಊರಿನವನಲ್ಲವೇ ನಾನು! ಅಲ್ಲಿ ಯಾರೂ ತಿದ್ದದೆ ನನಗೆ ಬಂದದ್ದು ಅದೊಂದೇ.

ಹೊರಡುವಾಗ ದೊಡ್ಡ ಯಾವ್ ಹತ್ತಿರ ಆ ಎಣಿಕೆ ಡಬ್ಬಿ ನೆನಪಿಗೆ ಕೊಡ್ತೀರಾ ಅಂತ ಕೇಳಿದೆ. "ಕೊಟ್ಟರೆ ನಾನು ಎಣಿಸೋದು ಹೇಗೆ?" ಅಂದರು. ಬದಲಿಗೆ ಹತ್ತಿಯಲ್ಲಿ ಸುತ್ತಿದ ಒಂದು ಸ್ಲೈಡ್ ಕೊಟ್ಟರು. ಅಂಚಿನಲ್ಲಿ ಪೆನ್ಸಿಲಿನಿಂದ 62 ಅಂತ ಬರೆದಿತ್ತು. ಬಣ್ಣ ಈಗ ಪೂರ್ತಿ ಮಾಸಿದೆ, ಉಂಗುರ ಕಾಣೋದಿಲ್ಲ. ಕೈಕೆಳಗಿನ ಹುಡುಗರು ಮೂವತ್ತಕ್ಕೆ ನಿಲ್ಲಿಸಿದ್ದು ಗೊತ್ತಾದಾಗ ಡ್ರಾಯರಿನಿಂದ ತೆಗೆದು ಅವರ ಮೇಜಿನ ಮೇಲಿಡ್ತೀನಿ.

ಆಂಟಿ ಅಕೋಸುವಾ ಈಗಲೂ ವಾಟ್ಸಾಪಿನಲ್ಲಿ ಕರೆ ಮಾಡ್ತಾರೆ. ನಮ್ಮ ಹಿಂದಿ ಧಾರಾವಾಹಿಗಳು ಅಲ್ಲಿ ಟ್ವಿ ಭಾಷೆಗೆ ಡಬ್ ಆಗಿ ಬರುತ್ತವೆ. ಆ ಅತ್ತೆ ಯಾಕೆ ಹಾಗೆ ಮಾಡಿದಳು, ನಿಮ್ಮೂರಿನಲ್ಲಿ ನಿಜಕ್ಕೂ ಹೀಗೇನಾ ಅಂತ ನನ್ನನ್ನು ದಬಾಯಿಸ್ತಾರೆ. 2014ರಲ್ಲಿ ನನಗೆ ಮಗಳು ಹುಟ್ಟಿದಾಗ ಆಸ್ಪತ್ರೆಯ ವರಾಂಡದಿಂದಲೇ ಅವರಿಗೆ ಫೋನ್ ಮಾಡಿದ್ದೆ. ತೂಕ, ಬಣ್ಣ, ಯಾರ ಹಾಗಿದ್ದಾಳೆ, ಯಾವುದನ್ನೂ ಕೇಳಲಿಲ್ಲ. ನಾನೇ ಮೊದಲು ಹೇಳಿಬಿಟ್ಟೆ, "ಬುಧವಾರ, ಆಂಟಿ." ಬುಧವಾರದ ಹೆಣ್ಣು ಅಂದರೆ ಅಕುವಾ. ದಾಖಲೆಯಲ್ಲಿ ಬೇರೆ ಹೆಸರಿದೆ, ಆದರೆ ಮನೆಯಲ್ಲಿ ಅವಳನ್ನು ಹಾಗೇ ಕರೀತೀವಿ. ಅಮ್ಮನಿಗೆ ಮಾತ್ರ ಇವತ್ತಿಗೂ ಸಮಾಧಾನ ಇಲ್ಲ. ನೀರು ಶುದ್ಧ ಮಾಡುವ ಮೆಷಿನ್ನಿನ ಹೆಸರನ್ನು ಯಾರಾದರೂ ಮಗುವಿಗೆ ಇಡ್ತಾರಾ ಅಂತ ಬಂದವರ ಹತ್ತಿರವೆಲ್ಲ ಹೇಳ್ತಿರುತ್ತಾರೆ.